805 ಗ್ರಾಂ, 170 ಗ್ರಾಂ: ಧಾರವಾಡದಿಂದ ಬ್ಯಾಡಗಿವರೆಗೆ ನಾಲ್ಕು ದಿನ

ಮಂಗಳವಾರ: ಹುಬ್ಬಳ್ಳಿ, ಧಾರವಾಡ

ಹುಬ್ಬಳ್ಳಿ ಸ್ಟೇಷನ್ನಿನ ಆ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್. ನಮ್ಮ ಗಾಡಿ ಅಲ್ಲಿಗೇ ಬಂತು. ನನ್ನ ಬೋಗಿ ಹಿಂದಿನದು. ಬಟ್ಟೆಯ ಚೀಲ ಒಂದು ಕೈಯಲ್ಲಿ, ಕ್ಯಾಮೆರಾ ಬ್ಯಾಗು ಹೆಗಲ ಮೇಲೆ. ಗೇಟು ಸಿಗುವಷ್ಟರಲ್ಲಿ ಎರಡು ಸಲ ಹೆಗಲು ಬದಲಾಯಿಸಿದ್ದೆ.

ಬ್ಯಾಗಿನಲ್ಲಿ ಎರಡು ಲೆನ್ಸ್ ಇದ್ದವು. ಒಂದು 24-70 ಎಂಎಂ ಜೂಮ್ (ಎಂಎಂ ಕಡಿಮೆಯಾದಷ್ಟು ನೋಟ ಅಗಲ), ಉದ್ದಕ್ಕೂ ಎಫ್/2.8 (ಎಫ್ ಸಂಖ್ಯೆ ಕಡಿಮೆಯಾದಷ್ಟು ಬೆಳಕು ಜಾಸ್ತಿ), ತೂಕ 805 ಗ್ರಾಂ. ಇನ್ನೊಂದು 40 ಎಂಎಂ ಎಫ್/2, ತೂಕ 170 ಗ್ರಾಂ. ಇದರ ಉದ್ದ ನಾಲ್ಕೂವರೆ ಸೆಂಟಿಮೀಟರ್, ಜುಬ್ಬಾದ ಜೇಬಿನಲ್ಲಿ ಕೂರುತ್ತದೆ. ಊರು ಸುತ್ತುತ್ತಾ ಫೋಟೋ ತೆಗೆಯುವವನಿಗೆ ಇವೆರಡರಲ್ಲಿ ಯಾವುದು ಸರಿ? ಒಂದು ವರ್ಷದಿಂದ ಇದನ್ನೇ ಯೋಚಿಸುತ್ತಿದ್ದೇನೆ. ದೊಡ್ಡದರಲ್ಲಿ ಮೂಲೆಯವರೆಗೂ ಚೊಕ್ಕ ಚಿತ್ರ ಬರುತ್ತದೆ. ಸಣ್ಣದು ಕೈಯಲ್ಲಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಬೆಂಗಳೂರಿನ ಮನೆಯಲ್ಲಿ ಕೂತು ಪುಸ್ತಕದ ಕಪಾಟಿನ ಫೋಟೋ ತೆಗೆದು ಹೋಲಿಸಿದರೆ ಇದು ತೀರ್ಮಾನ ಆಗುವುದಿಲ್ಲ ಅಂತ ಗೊತ್ತಾಗಿತ್ತು. ಅದಕ್ಕೇ ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಬಂದೆ.

ಊರಿನಲ್ಲಿ ಕಾಕಾ ಇದ್ದಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ನಡೆಸಿದವರು. ಚಹಾ ಕುಡಿಯುವ ಮೊದಲೇ ಎರಡೂ ಲೆನ್ಸ್ ಕೇಳಿ ಇಸಿದುಕೊಂಡರು. ಒಂದು ಎಡಗೈಯಲ್ಲಿ, ಒಂದು ಬಲಗೈಯಲ್ಲಿ ಹಿಡಿದು ತೂಗಿ ನೋಡಿದರು. ಕಾಕು ಒಳಗಿಂದ ಹಿಟ್ಟು ತೂಗುವ ತಕ್ಕಡಿ ತಂದು ಇಟ್ಟರು. ಬ್ಯಾಟರಿ, ಕಾರ್ಡು ಸೇರಿ ಕ್ಯಾಮೆರಾ 705 ಗ್ರಾಂ. ಜೂಮ್ ಹಾಕಿದರೆ 1510. ಸಣ್ಣದು ಹಾಕಿದರೆ 875.

"ಒಂದೂವರಿ ಕಿಲೋ ತೊಗರಿಬ್ಯಾಳಿ ಕೊಳ್ಳಾಗ ಕಟ್ಕೊಂಡು ಅಡ್ಡಾಡ್ತಿ ಏನೋ ತಮ್ಮಾ?" ಅಂದರು ಕಾಕು.

ಕಾಕಾ ಒಂದು ಷರತ್ತು ಹಾಕಿದರು. "ಇವತ್ತ ಒಂದ ತಗೊಂಡ ಹೋಗು. ನಾಳೆ ಇನ್ನೊಂದ. ಬ್ಯಾರೇದನ್ನ ಬ್ಯಾಗ್‌ನಾಗ ಇಟ್ಕೊಬ್ಯಾಡ, ಮನ್ಯಾಗ ಬಿಟ್ಟ ಹೋಗು. ಆವಾಗ ಗೊತ್ತಾಗ್ತೈತಿ." ಮೊದಲ ದಿನಕ್ಕೆ ಜೂಮ್ ಆರಿಸಿಕೊಂಡೆ.

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದೆ. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಸಾಧನಕೇರಿ, ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ, ಸುಭಾಸ ರಸ್ತೆ. ಜೂಮ್ ಎಷ್ಟು ಸಲೀಸು ಅಂತ ಈ ಎರಡು ತಾಸಿನಲ್ಲಿ ಪೂರ್ತಿ ಅನುಭವಿಸಿದೆ. ನಿಂತ ಜಾಗದಿಂದಲೇ ಕಟ್ಟಡ ಪೂರ್ತಿ ಬಂತು. ಅಲ್ಲಿಂದಲೇ ಉಂಗುರ ತಿರುಗಿಸಿದರೆ ಮೇಲಿನ ಕಿಟಕಿಯಲ್ಲಿ ಕೂತ ಪಾರಿವಾಳ ಬಂತು.

ಲೈನ್ ಬಜಾರಿನಲ್ಲಿ ಕಥೆ ಬೇರೆ ಆಯಿತು. ಪೇಡೆ ಅಂಗಡಿಯ ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬರು ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದ ಖೋವಾ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಉರುಳಿಸುತ್ತಿದ್ದರು. ಬೆರಳಿನ ಗೆರೆಗೆಲ್ಲಾ ಸಕ್ಕರೆ ಹತ್ತಿತ್ತು. ಕೇಳಿದೆ, ತಗೋರಿ ಅಂದರು. ಜೂಮ್ ಎತ್ತಿದ ಕೂಡಲೇ ಕೈ ನಿಲ್ಲಿಸಿ, ಟವೆಲಿಗೆ ಒರೆಸಿಕೊಂಡು, ನೆಟ್ಟಗೆ ನಿಂತರು. "ಯಾವ ಪೇಪರ್‌ನವರ್ರೀ ಸರ್?" ಅಂದರು. ನನಗೆ ಬೇಕಿದ್ದದ್ದು ಆ ಸಕ್ಕರೆ ಹತ್ತಿದ ಕೈ. ಸಿಕ್ಕಿದ್ದು ಒರೆಸಿದ ಕೈ. 82 ಎಂಎಂ ಫಿಲ್ಟರ್ ಹಿಡಿಸುವಷ್ಟು ಅಗಲದ ಗಾಜು ಎದುರಿಗೆ ಬಂದರೆ ಯಾರಾದರೂ ಹಾಗೆಯೇ ನಿಲ್ಲುತ್ತಾರೆ, ಅವರದೇನೂ ತಪ್ಪಿಲ್ಲ.

ಸಂಜೆ ಹುಬ್ಬಳ್ಳಿಗೆ ವಾಪಸ್ ಬಂದು ದುರ್ಗದ ಬೈಲಿಗೆ ಹೋದೆ. ಗಿರ್ಮಿಟ್, ಮಿರ್ಚಿ ಭಜಿ ಗಾಡಿಗಳು, ಬಲ್ಬಿನ ಸಾಲು, ಎಣ್ಣೆಯ ಹೊಗೆ. ಊರಿನಲ್ಲಿ ನನಗೆ ಇಷ್ಟವಾದ ಹೊತ್ತು ಇದೇ. ಆದರೆ ಆ ಹೊತ್ತಿಗೆ ಕುತ್ತಿಗೆಯ ಹಿಂಭಾಗ ಉರಿಯುತ್ತಿತ್ತು. ಕ್ಯಾಮೆರಾ ಬ್ಯಾಗಿಗೆ ಹಾಕಿ ಸುಮ್ನೆ ಗಿರ್ಮಿಟ್ ತಿಂದೆ. ಮನೆಗೆ ಬಂದು ಎಣಿಸಿದರೆ, ಸಂಜೆ ನಾಲ್ಕು ಗಂಟೆಯೊಳಗೆ ತೆಗೆದದ್ದು 212 ಫ್ರೇಮ್. ಆರರ ನಂತರ 19.

ರಾತ್ರಿ ಊಟ ಆದಮೇಲೆ ಕಾಕಾ ಕೇಳಿದರು, "ಅಷ್ಟ ದೊಡ್ಡದು ಯಾಕ ಬೇಕಾತು ಅದಕ್ಕ?"

ಬೆಳಕು ಒಳಗೆ ಬರುವ ಕಿಂಡಿಯ ಅಗಲ ಅಂದರೆ ಫೋಕಲ್ ಲೆಂಗ್ತನ್ನು (ಲೆನ್ಸಿನ ಎಂಎಂ ಸಂಖ್ಯೆ) ಎಫ್ ಸಂಖ್ಯೆಯಿಂದ ಭಾಗಿಸಿದ್ದು. 70ನ್ನು 2.8ರಿಂದ ಭಾಗಿಸಿದರೆ 25 ಮಿಲಿಮೀಟರ್. 40ನ್ನು 2ರಿಂದ ಭಾಗಿಸಿದರೆ 20. ಅಂದರೆ ಕಿಂಡಿಯಲ್ಲಿ ಭಾರೀ ವ್ಯತ್ಯಾಸವೇನೂ ಇಲ್ಲ. ಜೂಮ್ ಉಬ್ಬಿರುವುದು ಒಳಗಿನ ಗಾಜಿನಿಂದ. ಅದರಲ್ಲಿ 17 ಗಾಜು, 15 ಗುಂಪು (ಒಂದಕ್ಕೊಂದು ಅಂಟಿಸಿದ ಗಾಜುಗಳು ಸೇರಿ ಒಂದೇ ಗುಂಪು). ಸಣ್ಣದರಲ್ಲಿ 6 ಗಾಜು, 4 ಗುಂಪು. 24ರಲ್ಲೂ 50ರಲ್ಲೂ 70ರಲ್ಲೂ ಗೆರೆ ಬಾಗಬಾರದು, ಅಂಚಿನಲ್ಲಿ ನೇರಳೆ ಬಣ್ಣ ಸೋರಬಾರದು, ಮೂಲೆ ಮಸುಕಾಗಬಾರದು. ಒಂದು ದೋಷ ತಿದ್ದಲು ಗಾಜು ಹಾಕಿದರೆ ಅದು ಇನ್ನೊಂದು ದೋಷ ತರುತ್ತದೆ, ಅದಕ್ಕೆ ಮತ್ತೊಂದು ಗಾಜು. ಒಂದೇ ಫೋಕಲ್ ಲೆಂಗ್ತ್ ಇದ್ದರೆ ಈ ತಾಪತ್ರಯ ಅರ್ಧಕ್ಕರ್ಧ ಕಡಿಮೆ.

ಕಾಕಾ ಎದ್ದು ಹೋಗಿ ತಮ್ಮ ಯಾಷಿಕಾ ಮ್ಯಾಟ್ ತಂದರು. ಎರಡು ಕಣ್ಣಿನ ಕ್ಯಾಮೆರಾ, ಮೇಲಿಂದ ಬಗ್ಗಿ ನೋಡುವಂಥದ್ದು. 80 ಎಂಎಂ ಎಫ್/3.5, ಬಿಚ್ಚಲು ಬರುವುದಿಲ್ಲ. 120 ರೋಲಿಗೆ 12 ಫೋಟೋ. ಅದರ ಲೆನ್ಸಿನಲ್ಲಿ ನಾಲ್ಕೇ ಗಾಜು, ಮೂರು ಗುಂಪು. 1902ರಲ್ಲಿ ಪಾಲ್ ರುಡಾಲ್ಫ್ ಝೈಸ್ ಕಂಪನಿಯಲ್ಲಿ ಮಾಡಿದ ಟೆಸ್ಸಾರ್ ವಿನ್ಯಾಸದ ಮಾದರಿ ಅದು. ಇವತ್ತಿಗೂ ಚಪ್ಪಟೆ ಲೆನ್ಸ್ ಮಾಡುವವರಲ್ಲಿ ಎಷ್ಟೋ ಜನ ಆ ವಿನ್ಯಾಸದಿಂದಲೇ ಶುರು ಮಾಡಿದವರು.

"ನಾಲ್ಕ ಗಾಜಿನಾಗ ಎಷ್ಟ ಮದುವಿ ಮುಗಿಸೀನಿ ಲೆಕ್ಕ ಇಲ್ಲ," ಅಂದರು ಕಾಕಾ. ಆಮೇಲೆ ಒಂದು ಮಾತು ಸೇರಿಸಿದರು. "ಆದ್ರ ಎಫ್/8ಕ್ಕಿಂತ ಕಡಿಮಿ ನಾ ಎಂದೂ ತಗೀಲಿಲ್ಲ. ಫ್ಲಾಶ್ ಇತ್ತಲ್ಲ."

ಆ ಮಾತು ಆವಾಗ ನನ್ನ ತಲೆಗೆ ಹೋಗಲಿಲ್ಲ. ಮರುದಿನ ಹೋಯಿತು.

ಬುಧವಾರ: ಗದಗ, ಲಕ್ಕುಂಡಿ

ಸಣ್ಣ ಲೆನ್ಸ್ ಮಾತ್ರ. ಹುಬ್ಬಳ್ಳಿಯಿಂದ ಗದಗಿಗೆ ಬಸ್ಸು ಹತ್ತಿದಾಗ ಏನೋ ಮರೆತು ಬಂದ ಹಾಗೆ ಹಗುರ. ಕಾಕಾ ಕೂಡ ಜೊತೆಗೆ ಬಂದರು. ದಾರಿಯುದ್ದಕ್ಕೂ ಕಪ್ಪು ಎರೆಮಣ್ಣಿನ ಹೊಲ, ಕಟಾವಿಗೆ ಬಂದ ಕಡಲೆ, ಬಿಳಿಜೋಳ.

ಗದಗಿನಲ್ಲಿ ಮೊದಲು ತ್ರಿಕೂಟೇಶ್ವರ. ಆ ಆವರಣದಲ್ಲೇ ಸರಸ್ವತಿ ಗುಡಿ ಇದೆ. ಅದರ ಮುಂದಿನ ಕಂಬಗಳನ್ನು ನೋಡಲು ಎಷ್ಟು ದೂರದಿಂದ ಬಂದರೂ ಸಾರ್ಥಕ. ಕಲ್ಲಲ್ಲ, ಯಾರೋ ಮರವನ್ನು ಚರಕಿಗೆ ಕೊಟ್ಟು ಕಡೆದು, ಆಮೇಲೆ ಸೂಜಿಯಲ್ಲಿ ಕಸೂತಿ ಹಾಕಿದ ಹಾಗಿದೆ. ಒಂದು ಕಂಬದ ಎದುರು ಇಪ್ಪತ್ತು ನಿಮಿಷ ನಿಂತೆ. 40 ಎಂಎಂಗೆ ಹೇಳಿ ಮಾಡಿಸಿದ ದೂರ. ಎರಡು ಹೆಜ್ಜೆ ಹಿಂದೆ ಹೋದರೆ ಕಂಬ ಪೂರ್ತಿ, ಎರಡು ಹೆಜ್ಜೆ ಮುಂದೆ ಬಂದರೆ ಒಂದು ಪಟ್ಟಿಯ ಕೆತ್ತನೆ. ಈ ಲೆನ್ಸ್ 29 ಸೆಂಟಿಮೀಟರಿನಷ್ಟು ಹತ್ತಿರದಿಂದ ಫೋಕಸ್ ಹಿಡಿಯುತ್ತದೆ.

ಅಲ್ಲಿಂದ ಲಕ್ಕುಂಡಿ, ಹೊಸಪೇಟೆ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್.

ಕಾಶಿವಿಶ್ವನಾಥ ಗುಡಿಯಲ್ಲಿ ಎರಡು ಗರ್ಭಗುಡಿ, ಒಂದಕ್ಕೊಂದು ಎದುರು. ದೊಡ್ಡದು ಶಿವನದು, ಸಣ್ಣದು ಸೂರ್ಯನದು. ಬಾಗಿಲವಾಡದ ಸುತ್ತ ಪಟ್ಟಿ ಪಟ್ಟಿಯಾಗಿ ಕೆತ್ತನೆ, ಹೊರಗಿನ ಪಟ್ಟಿಯಲ್ಲಿ ಬೆರಳುದ್ದದ ಮೂರ್ತಿಗಳು. ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಗೋಡೆ ಎಲ್ಲಿ ಸಿಗಬೇಕು? ನಡುವಿನಿಂದ ಮೂಲೆವರೆಗೆ ಎಲ್ಲೆಡೆ ಸೂಕ್ಷ್ಮ ಕೆಲಸ.

ಮೊದಲು ಎಫ್/2ರಲ್ಲಿ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ನಡುವಿನ ಕೆತ್ತನೆ ಚೆನ್ನಾಗಿದೆ. ಮೂಲೆಗೆ ಹೋದರೆ ಮೂರ್ತಿಯ ಮೂಗು, ಕಣ್ಣು, ಕಿರೀಟ ಎಲ್ಲಾ ಕಲೆಸಿ ಒಂದು ಉಂಡೆ. ಮೂಲೆ ಕಪ್ಪಾಗಿಯೂ ಇತ್ತು. ಕ್ಯಾಮೆರಾ ಆ ಕಪ್ಪನ್ನು ತಾನೇ ತಿದ್ದಿ ಬೆಳಗಿಸುತ್ತದೆ, ಆದರೆ ಬೆಳಗಿಸಿದ ಕಡೆ ಕಾಳು ಕಾಳಾಗಿ ನಾಯ್ಸ್ ಏಳುತ್ತದೆ. ಎಫ್/4ಕ್ಕೆ ಬಂದೆ. ಉಂಡೆಯಲ್ಲಿ ಮುಖ ಮೂಡಿತು. ಎಫ್/8ಕ್ಕೆ ಬಂದೆ. ಕಿರೀಟದ ಮಣಿ ಎಣಿಸಬಹುದಿತ್ತು. ಎಫ್/16ರಲ್ಲೂ ಒಂದು ತೆಗೆದೆ. ಅದರಲ್ಲಿ ಇಡೀ ಚಿತ್ರದ ಮೊನಚು ಒಂದೇ ಸಮನೆ ಸ್ವಲ್ಪ ಇಳಿದಿತ್ತು. ಕಿಂಡಿ ತೀರಾ ಸಣ್ಣದಾದರೆ ಬೆಳಕು ಅಂಚಿಗೆ ತಾಗಿ ಹರಡುತ್ತದೆ. ಎಫ್/16ರಲ್ಲಿ ಒಂದು ಚುಕ್ಕೆ, ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಸುಮಾರು 21 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲಕ್ಕೆ ಹರಡುತ್ತದೆ. ನನ್ನ 24 ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಪಿಕ್ಸೆಲ್ 6 ಮೈಕ್ರಾನ್. ಇದು ಭೌತಶಾಸ್ತ್ರ. ದೊಡ್ಡ ಲೆನ್ಸೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಎಫ್/8ರಲ್ಲಿ ಗುಡಿಯೊಳಗೆ ಶಟರ್ ಒಂದು ಸೆಕೆಂಡಿನ 15ನೇ ಒಂದು ಭಾಗಕ್ಕೆ ಇಳಿದಿತ್ತು. ಪುರಾತತ್ವ ಇಲಾಖೆಯ ಜಾಗದಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿದೆ. ಕ್ಯಾಮೆರಾದೊಳಗೆ ಸೆನ್ಸರ್ ಅಲುಗಾಟ ತಡೆಯುವ ವ್ಯವಸ್ಥೆ ಇದೆ. ಕಲ್ಲಂತೂ ಅಲ್ಲಾಡುವುದಿಲ್ಲ. ಚಿತ್ರ ಸೂಜಿಯಷ್ಟು ಚೂಪಾಗಿ ಬಂತು.

ಕಾಕಾ ರಾತ್ರಿ ಹೇಳಿದ್ದು ಆವಾಗ ಅರ್ಥ ಆಯಿತು. ಮೂಲೆಯವರೆಗೂ ಚೂಪು ಬೇಕಾಗುವುದು ಇಂಥ ಕಡೆ. ಇಂಥ ಕಡೆ ಎಫ್/8 ಇಟ್ಟು ನಿಧಾನ ತೆಗೆಯಲು ನಮಗೆ ಪುರಸೊತ್ತು ಇರುತ್ತದೆ. ಎಫ್/2 ಬೇಕಾಗುವುದು ದುರ್ಗದ ಬೈಲಿನಂಥ ಕಡೆ, ಕತ್ತಲಲ್ಲಿ ಜನ ಓಡಾಡುವಾಗ. ಅಲ್ಲಿ ಮೂಲೆಯಲ್ಲಿ ಇರುವುದು ಯಾರದೋ ಬೆನ್ನು, ಇಲ್ಲಾ ಬರೀ ಕತ್ತಲು. ಸಣ್ಣ ಲೆನ್ಸಿನ ಕುಂದು ಏನಿದೆಯೋ ಅದು ಎಫ್/2ರ ಮೂಲೆಯಲ್ಲಿದೆ, ಮತ್ತು ಆ ಮೂಲೆಯನ್ನು ನಾನು ಹೆಚ್ಚು ಕಡಿಮೆ ಎಂದೂ ನೋಡುವುದೇ ಇಲ್ಲ. ಒಂದು ವರ್ಷ ತಲೆ ಕೆಡಿಸಿಕೊಂಡದ್ದು ಇದಕ್ಕಾ ಅಂತ ಆ ಬಾಗಿಲಿನ ಎದುರು ನಿಂತು ನಿಜವಾಗಿ ಹಗುರ ಅನಿಸಿತು.

ಆ ಸಮಾಧಾನ ಮುಸುಕಿನ ಬಾವಿಯವರೆಗೆ ಮಾತ್ರ.

ಮಣಿಕೇಶ್ವರ ಗುಡಿಯ ಪಕ್ಕದ ಬಾವಿ ಅದು. ಮೂರು ದಿಕ್ಕಿನಿಂದ ಮೆಟ್ಟಿಲು ಇಳಿಯುತ್ತವೆ, ಮೆಟ್ಟಿಲ ನಡುವೆ ಸಣ್ಣ ಸಣ್ಣ ಗೂಡುಗಳು, ಒಂದು ಬದಿಗೆ ಗುಡಿ. ಮೆಟ್ಟಿಲು, ನೀರು, ಗುಡಿ ಮೂರೂ ಒಂದೇ ಚಿತ್ರದಲ್ಲಿ ಬಂದರೆ ಮಾತ್ರ ಅದು ಆ ಜಾಗ. ನಾನು ಹಿಂದೆ ಹಿಂದೆ ಸರಿದೆ. ಬೆನ್ನಿಗೆ ಕಟ್ಟೆ ತಾಗಿತು. ಇನ್ನೂ ಅರ್ಧವೇ ಬರುತ್ತಿತ್ತು.

ಇದರ ಲೆಕ್ಕ ಸರಳ. ನನ್ನ ಕ್ಯಾಮೆರಾದಲ್ಲಿರುವ ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿಲಿಮೀಟರ್. 40 ಎಂಎಂ ಲೆನ್ಸಿನಲ್ಲಿ, ನೀವು ನಿಂತ ದೂರದ 0.9 ಪಾಲಿನಷ್ಟು ಅಗಲ ಚಿತ್ರದಲ್ಲಿ ಬರುತ್ತದೆ. 24 ಎಂಎಂನಲ್ಲಿ ಒಂದೂವರೆ ಪಾಲು. ಆರು ಮೀಟರ್ ದೂರ ನಿಂತರೆ ಒಂದರಲ್ಲಿ 5.4 ಮೀಟರ್, ಇನ್ನೊಂದರಲ್ಲಿ 9 ಮೀಟರ್. ಹಿಂದೆ ಜಾಗ ಇದ್ದರೆ ಈ ವ್ಯತ್ಯಾಸವನ್ನು ಕಾಲು ತುಂಬಿಕೊಡುತ್ತದೆ. ಹಿಂದೆ ಗೋಡೆ ಇದ್ದರೆ ಯಾವ ಎಫ್ ಸಂಖ್ಯೆಯೂ ತುಂಬಿಕೊಡುವುದಿಲ್ಲ.

ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದು, ಎಡದಿಂದ ಬಲಕ್ಕೆ ಐದು ಫೋಟೋ ತೆಗೆದೆ. ಒಂದರ ಮೂರನೇ ಒಂದು ಭಾಗ ಇನ್ನೊಂದರ ಮೇಲೆ ಬರುವ ಹಾಗೆ. ಮನೆಯಲ್ಲಿ ಕಂಪ್ಯೂಟರಿನಲ್ಲಿ ಹೊಲಿದರೆ ಅಗಲದ ಚಿತ್ರ ಆಗುತ್ತದೆ. ಮೂರನೇದು ತೆಗೆಯುವಾಗ ಇಬ್ಬರು ಶಾಲೆ ಹುಡುಗಿಯರು ಮೆಟ್ಟಿಲು ಇಳಿದು ಬಂದರು. ರಿಬ್ಬನ್ ಕಟ್ಟಿದ ಎರಡು ಜಡೆ, ಕೈಯಲ್ಲಿ ಕಡಲೆಗಿಡದ ಸುಲಗಾಯಿ ಕಟ್ಟು. ಅವರು ಬಂದದ್ದರಿಂದಲೇ ಆ ಬಾವಿಗೆ ಜೀವ ಬಂತು. ಹೊಲಿದ ಚಿತ್ರದಲ್ಲಿ ಮಾತ್ರ ಒಬ್ಬಳು ಎರಡು ಕಡೆ ಇದ್ದಾಳೆ, ಇನ್ನೊಬ್ಬಳಿಗೆ ಅರ್ಧ ದೇಹವೇ ಇಲ್ಲ. 24 ಎಂಎಂ ಇದ್ದಿದ್ದರೆ ಒಂದೇ ಕ್ಲಿಕ್ಕಿನಲ್ಲಿ ಸಿಗುತ್ತಿತ್ತು. ಆ ಚಿತ್ರ ಕಳೆದುಕೊಂಡದ್ದಕ್ಕೆ ಇವತ್ತಿಗೂ ಬೇಜಾರಿದೆ.

ಬ್ರಹ್ಮಜಿನಾಲಯಕ್ಕೆ ಹೋಗುವಾಗ ಹೊತ್ತು ಇಳಿದಿತ್ತು. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ. ಕತ್ತಲು ಜಾಸ್ತಿ ಇದ್ದುದರಿಂದ ಎಫ್/2 ಕೈ ಹಿಡಿಯಿತು. ಕಾಕಾ ಮೂರ್ತಿಯ ಹತ್ತಿರ ನಿಂತು ಕತ್ತು ಎತ್ತಿ ನೋಡುತ್ತಿದ್ದರು. ಜೂಮಿನ ಎಫ್/2.8ರಲ್ಲಿ ಐಎಸ್ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟು ನಾಯ್ಸ್ ಜಾಸ್ತಿ) 6400 ಬೇಕಾಗುತ್ತಿದ್ದ ಕಡೆ 3200ರಲ್ಲಿ ಮುಗಿಯಿತು. ಬಾಗಿಲಿಂದ ಬಂದ ಬೆಳಕು ಅವರ ಅರ್ಧ ಮುಖಕ್ಕೂ ಮೂರ್ತಿಯ ಒಂದು ಮುಖಕ್ಕೂ ಒಟ್ಟಿಗೆ ಬಿದ್ದಿತ್ತು. ಈ ನಾಲ್ಕು ದಿನದಲ್ಲಿ ನನಗೆ ತುಂಬಾ ಇಷ್ಟವಾದ ಫೋಟೋ ಅದು. ಅವರಿಗೆ ಕ್ಯಾಮೆರಾ ಎತ್ತಿದ್ದೇ ಗೊತ್ತಾಗಲಿಲ್ಲ.

ಗುರುವಾರ: ಬ್ಯಾಡಗಿ, ಹಾವೇರಿ

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಈ ದಿನ ಎರಡೂ ಲೆನ್ಸ್ ತಗೊಂಡು ಹೋಗುತ್ತೇನೆ ಅಂದೆ. ಕಾಕಾ ಬೇಡ ಅನ್ನಲಿಲ್ಲ. "ಅಲ್ಲಿ ಲೆನ್ಸ್ ಬಿಚ್ಚಬ್ಯಾಡ," ಅಂತ ಮಾತ್ರ ಹೇಳಿದರು. ಅವರು ಮಂಡಿನೋವು ಅಂತ ಮನೆಯಲ್ಲೇ ಉಳಿದರು.

ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ತಿರುಗಿದ ಮೇಲೆ ಘಾಟು ಶುರು. ಪ್ರಾಂಗಣದೊಳಗೆ ಕಾಲಿಟ್ಟರೆ ಕಣ್ಣು ಎಲ್ಲಿ ಇಡಬೇಕು ಗೊತ್ತಾಗುವುದಿಲ್ಲ, ಎಲ್ಲಾ ಕೆಂಪು. ಗೋಣಿಚೀಲದ ಗೋಡೆಗಳು, ನಡುವೆ ಗಲ್ಲಿ, ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿದ ಚೀಲಗಳು. ಹಮಾಲರು ಮೂಗಿಗೆ ಟವೆಲು ಸುತ್ತಿಕೊಂಡು ಚೀಲ ಹೊರುತ್ತಿದ್ದರು. ಒಂದು ಕಡೆ ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಿದ್ದರು. ಕೈ ಎಷ್ಟು ಬೇಗ ಓಡುತ್ತಿತ್ತು ಅಂದರೆ ಮಾತಾಡುವಾಗಲೂ ಅವರು ಕೆಳಗೆ ನೋಡುತ್ತಿರಲಿಲ್ಲ.

ಸಣ್ಣ ಲೆನ್ಸಿನಲ್ಲಿ ಶುರು ಮಾಡಿದೆ. ಒಬ್ಬ ಅಜ್ಜಿ ತನ್ನ ಪಕ್ಕದ ಚೀಲ ತಟ್ಟಿ ಕೂರಲು ಜಾಗ ಕೊಟ್ಟಳು. ಎರಡು ಕಾಯಿ ಎತ್ತಿ ತೋರಿಸಿದಳು. "ಇದು ಡಬ್ಬಿ, ಇದು ಕಡ್ಡಿ. ನೋಡ್ರಿ, ಕಡ್ಡಿ ಉದ್ದ ಇರ್ತದ." ಡಬ್ಬಿ ದುಂಡಗೆ, ಗಿಡ್ಡ. ಎರಡಕ್ಕೂ ಮೈತುಂಬಾ ಸುಕ್ಕು. ಬ್ಯಾಡಗಿ ಕಾಯಿಯ ಗುರುತೇ ಆ ಸುಕ್ಕು ಮತ್ತು ಆ ಕಡುಗೆಂಪು. ಖಾರ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಇದು ಬೇಕು.

ಅಂಗೈಯಲ್ಲಿದ್ದ ಡಬ್ಬಿ ಕಾಯಿಯನ್ನು ಹತ್ತಿರದಿಂದ, ಎಫ್/2ರಲ್ಲಿ ತೆಗೆದೆ. ಸುಕ್ಕಿನ ಮೇಲೆ ಮಂಜು ಹಾಕಿದ ಹಾಗೆ ಒಂದು ಮೆತ್ತನೆ ಹೊಳಪು ಬಂತು. ಸರಳ ವಿನ್ಯಾಸದ ಲೆನ್ಸುಗಳು ಪೂರ್ತಿ ತೆರೆದು ಹತ್ತಿರ ಹೋದಾಗ ಹೀಗಾಗುತ್ತದೆ. ಗಾಜಿನ ಅಂಚಿಂದ ಬಂದ ಕಿರಣವೂ ನಡುವಿಂದ ಬಂದ ಕಿರಣವೂ ಒಂದೇ ಜಾಗದಲ್ಲಿ ಕೂಡುವುದಿಲ್ಲ. ಎಫ್/4ಕ್ಕೆ ತಿರುಗಿಸಿದೆ. ಮಂಜು ಹೋಯಿತು, ಒಂದೊಂದು ಸುಕ್ಕಿನ ಏಣಿನ ಮೇಲೂ ಬೆಳಕಿನ ಗೆರೆ ಮೂಡಿತು. ಅಜ್ಜಿಯ ಅಂಗೈಯ ಗೆರೆಗಳೂ ಅಷ್ಟೇ ಸ್ಪಷ್ಟ.

ಇಲ್ಲಿ ಫೋಟೋ ತೆಗೆಯುವವರಿಗೆ ಒಂದು ಮಾತು. ಯಾವ ಲೆನ್ಸ್ ಇದ್ದರೂ ಕೆಂಪಿನ ಹಿಸ್ಟೋಗ್ರಾಮ್ (ಬೆಳಕು ಎಷ್ಟು ಬಿದ್ದಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ನೋಡಿಕೊಳ್ಳಿ. ಮಾಮೂಲಿ ಹಿಸ್ಟೋಗ್ರಾಮ್ ಎಲ್ಲಾ ಸರಿ ಇದೆ ಅನ್ನುತ್ತದೆ, ಆದರೆ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ. ಮನೆಗೆ ಬಂದು ನೋಡಿದರೆ ರಾಶಿಯಲ್ಲಿ ಕಾಯಿಗಳೇ ಇಲ್ಲ, ಬರೀ ಕೆಂಪು ಬಣ್ಣ ಬಳಿದ ಹಾಗೆ. ನಾನು ಒಂದು ಸ್ಟಾಪ್ ಕಡಿಮೆ ಇಟ್ಟು, ಅಂದರೆ ಬೆಳಕು ಅರ್ಧ ಮಾಡಿ, ತೆಗೆದೆ. 805 ಗ್ರಾಂ ಗಾಜು ಇದರಿಂದ ಕಾಪಾಡುವುದಿಲ್ಲ.

ಹನ್ನೊಂದರ ಹೊತ್ತಿಗೆ ಆ ಚೀಲದ ಗೋಡೆಗಳ ಪೂರ್ತಿ ನೋಟ ಬೇಕು ಅನಿಸಿತು. ಹಿಂದಿನ ದಿನ ಬಾವಿಯ ಹತ್ತಿರ ಕಳೆದುಕೊಂಡದ್ದು ಮನಸ್ಸಿನಲ್ಲಿ ಕೂತಿತ್ತು. ಕಾಕಾ ಹೇಳಿದ್ದು ನೆನಪಿದ್ದೂ, ಒಂದು ಮೂಲೆಗೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು ಲೆನ್ಸ್ ಬಿಚ್ಚಿದೆ. ಹತ್ತು ಸೆಕೆಂಡು ಸಾಕು ಅಂದುಕೊಂಡಿದ್ದೆ. ಅದೇ ಹತ್ತು ಸೆಕೆಂಡಿನಲ್ಲಿ ಪಕ್ಕದಲ್ಲಿ ಒಬ್ಬರು ಚೀಲ ಇಳಿಸಿದರು. ಸಣ್ಣ ಕೆಂಪು ಧೂಳು ಎದ್ದಿತು. ನಾನು ಸೀನಿದೆ, ಕೈಯಲ್ಲಿ ಬಾಯಿ ತೆರೆದ ಕ್ಯಾಮೆರಾ.

24 ಎಂಎಂನಲ್ಲಿ ತೆಗೆದ ಆ ಗಲ್ಲಿಯ ಚಿತ್ರ ಭರ್ಜರಿಯಾಗಿದೆ. ಅಂಚಿನ ಚೀಲದ ನೂಲು ಕೂಡ ಎಫ್/2.8ರಲ್ಲಿ ಎಣಿಸಬಹುದು, ಜೂಮಿಗೆ ಕೊಟ್ಟ ದುಡ್ಡು ಎಲ್ಲಿ ಹೋಗಿದೆ ಅಂತ ಅಲ್ಲಿ ಕಾಣುತ್ತದೆ. ಆದರೆ ಆಮೇಲೆ ಸಣ್ಣ ಕಿಂಡಿಯಲ್ಲಿ ತೆಗೆದ ಪ್ರತಿ ಫೋಟೋದ ಬಲಮೇಲೆ, ಆಕಾಶ ಇರುವ ಕಡೆ, ಮೂರು ಬೂದು ಚುಕ್ಕೆ.

ಮಧ್ಯಾಹ್ನ ಹಾವೇರಿಗೆ ಬಂದು ಸಿದ್ಧೇಶ್ವರ ಗುಡಿ ನೋಡಿದೆ. ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಇಳಿಬಿಸಿಲು ನೇರ ಮುಖಮಂಟಪಕ್ಕೆ ಬೀಳುತ್ತದೆ, ಕಲ್ಲು ಬೆಚ್ಚಗಿನ ಬಣ್ಣಕ್ಕೆ ತಿರುಗುತ್ತದೆ. ಜೂಮ್ ಹಾಕಿಯೇ ಇತ್ತು, ಅದರಲ್ಲೇ ತೆಗೆದೆ, ಮತ್ತೆ ಬಿಚ್ಚಲಿಲ್ಲ. ಕಾಕುಗೆ ಒಂದು ಏಲಕ್ಕಿ ಹಾರ ತಗೊಂಡೆ. ಬಸ್ಸಿನಲ್ಲಿ ಬ್ಯಾಗು ತೆಗೆದಾಗಲೆಲ್ಲಾ ಏಲಕ್ಕಿ ಘಮ, ಅದರ ಹಿಂದೆಯೇ ಮೆಣಸಿನ ಘಾಟು.

ಶುಕ್ರವಾರ: ಹುಬ್ಬಳ್ಳಿ

ಸೆನ್ಸರ್ ಮೇಲಿನ ಧೂಳು ತೆಗೆಯಲು ಕಾಕಾ ರಬ್ಬರ್ ಬ್ಲೋವರ್ ಹುಡುಕಿ ಕೊಟ್ಟರು. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು ಊದಿದೆವು. ಎರಡು ಚುಕ್ಕೆ ಹೋದವು, ಒಂದು ಉಳಿಯಿತು. "ಹೇಳಿದ್ದೆ," ಅಂತ ಅವರು ಅನ್ನಲಿಲ್ಲ. ಅದು ಅವರ ದೊಡ್ಡತನ.

ಗುರುವಾರ ಸಂಜೆ ಮತ್ತೆ ದುರ್ಗದ ಬೈಲಿಗೆ ಹೋಗಿದ್ದೆ, ಸಣ್ಣ ಲೆನ್ಸಿನ ಜೊತೆ. ಈ ಸಲ ಆರರ ನಂತರ 140 ಫ್ರೇಮ್ ತೆಗೆದಿದ್ದೆ. ಶುಕ್ರವಾರ ಬೆಳಿಗ್ಗೆ ಆರು ಚಿತ್ರ ಆರಿಸಿ 12 ಇಂಚು 18 ಇಂಚಿನ ಪ್ರಿಂಟ್ ಹಾಕಿಸಿದೆ. ಮಂಗಳವಾರದ ಜೂಮಿನದು, ಗುರುವಾರದ ಸಣ್ಣದ್ದು, ಬಾಗಿಲವಾಡದ್ದು, ಗಲ್ಲಿಯದ್ದು. ಯಾವುದು ಯಾವ ಲೆನ್ಸ್ ಅಂತ ಹಿಂದೆ ಬರೆದು, ಕಾಕಾಗೆ ಹೇಳದೆ ಕೊಟ್ಟೆ.

24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. 18 ಇಂಚಿಗೆ ಹರಡಿದರೆ ಇಂಚಿಗೆ 333. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ 300 ಇದ್ದರೆ ಧಾರಾಳ ಅನ್ನುತ್ತಾರೆ. ಅಂದರೆ ಪರದೆಯಲ್ಲಿ ಹಿಗ್ಗಿಸಿ ನಾವು ಹುಡುಕುವ ತಪ್ಪು ಪ್ರಿಂಟಿನಲ್ಲಿ ಬಂದರೂ ಸೂಜಿಮೊನೆಯಷ್ಟೇ.

ಕಾಕಾ ಕಿಟಕಿ ಹತ್ತಿರ ಕೂತು, ಹಳೆಯ ರಿಟಚಿಂಗ್ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಬಾಗಿಲವಾಡದ್ದು ಜೂಮಿಂದು ಅಂದರು. ಅದು ಎಫ್/8ರಲ್ಲಿ ತೆಗೆದ 40 ಎಂಎಂ. ಗಲ್ಲಿಯದ್ದು ಜೂಮ್ ಅಂತ ಅಗಲ ನೋಡಿಯೇ ಹೇಳಿದರು. ದುರ್ಗದ ಬೈಲಿನ ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದು ಸಣ್ಣದು," ಅಂದರು.

"ಹ್ಯಾಂಗ ಗೊತ್ತಾತು ಕಾಕಾ?"

ಬೆರಳಿಟ್ಟು ತೋರಿಸಿದರು. ಅಂಚಿನ ಬಲ್ಬುಗಳು ದುಂಡಗಿರಲಿಲ್ಲ. ರೆಕ್ಕೆ ಬಿಚ್ಚಿದ ಪತಂಗದ ಹಾಗೆ ಎರಡು ಕಡೆಗೆ ಚಾಚಿಕೊಂಡಿದ್ದವು. ಜೂಮಿನ ಪ್ರಿಂಟಿನಲ್ಲಿ ಅದೇ ಬಲ್ಬುಗಳು ಚೊಕ್ಕ ಚುಕ್ಕೆ. ಇದನ್ನು ಕೋಮಾ ಅನ್ನುತ್ತಾರೆ, ಓರೆಯಾಗಿ ಬಂದ ಬೆಳಕನ್ನು ಲೆನ್ಸ್ ಒಂದು ಚುಕ್ಕೆಗೆ ತರಲಾರದೆ ಎಳೆದುಬಿಡುತ್ತದೆ. ಬುಧವಾರ ನಾನು ಎಫ್/2ರ ಮೂಲೆಯಲ್ಲಿ ಬರೀ ಕತ್ತಲು ಅಂದುಕೊಂಡಿದ್ದೆ. ಕತ್ತಲಲ್ಲಿ ಬಲ್ಬು ಇರುತ್ತವೆ ಅನ್ನುವುದನ್ನು ಮರೆತಿದ್ದೆ.

"ಇದರಿಂದ ಫೋಟೋ ಕೆಟ್ಟಿತೇನು?" ಅಂತ ಕೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟು, ಪ್ರಿಂಟನ್ನು ಕೈಯಷ್ಟು ದೂರ ಹಿಡಿದರು. ಅದರಲ್ಲಿ ಭಜಿ ಗಾಡಿಯ ಹೆಣ್ಣುಮಗಳು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎತ್ತಿದ್ದಾಳೆ. ಹಿಟ್ಟಿನ ಒಂದು ಎಳೆ ಪಾತ್ರೆಗೂ ಕಾಯಿಗೂ ನಡುವೆ ಇನ್ನೂ ತುಂಡಾಗಿಲ್ಲ. ಅವಳು ಗಿರಾಕಿಯ ಜೊತೆ ನಗುತ್ತಿದ್ದಾಳೆ, ಕ್ಯಾಮೆರಾ ಕಡೆ ನೋಡಿಲ್ಲ.

"ಕೆಟ್ಟಿಲ್ಲ," ಅಂದರು. "ಆದ್ರ ರೆಕ್ಕಿ ಅದಾವ."

ಎರಡೂ ನಿಜ. ನಾನು ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತೇನೆ.

ಮಧ್ಯಾಹ್ನ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟದ ಮಧ್ಯೆ ಲೆಕ್ಕ ಹಾಕಿದೆವು. ನನಗೆ ಸಣ್ಣ ಲೆನ್ಸಿನಲ್ಲಿ ಕಡಿಮೆ ಬಿದ್ದದ್ದು ಚೂಪಲ್ಲ, ಅಗಲ. ಉದ್ದದ ಕಡೆ ಅಷ್ಟು ತೊಂದರೆ ಇಲ್ಲ. 40 ಎಂಎಂ ಚಿತ್ರವನ್ನು 70ರಷ್ಟಕ್ಕೆ ಕತ್ತರಿಸಿದರೆ ಸುಮಾರು 8 ಮೆಗಾಪಿಕ್ಸೆಲ್ ಉಳಿಯುತ್ತದೆ, ಸಣ್ಣ ಪ್ರಿಂಟಿಗೆ ಅದು ಸಾಕು. ಅಗಲವನ್ನು ಮಾತ್ರ ಕತ್ತರಿಸಿ ತರಲಾಗುವುದಿಲ್ಲ. ಅದಕ್ಕೆ 155 ಗ್ರಾಂನ 28 ಎಂಎಂ ಒಂದಿದೆ. ಅದೂ 40 ಎಂಎಂ ಕೂಡಿ 325 ಗ್ರಾಂ, ಜೂಮಿನ ಅರ್ಧವೂ ಇಲ್ಲ. ಬೆಳಿಗ್ಗೆ ಮನೆ ಬಿಡುವಾಗಲೇ ಒಂದು ಹಾಕಿಕೊಂಡು ಹೊರಡಬೇಕು, ದಾರಿಯಲ್ಲಿ ಬದಲಾಯಿಸುವ ಮಾತಿಲ್ಲ. ದೊಡ್ಡ ಜೂಮುಗಳೂ ಈಗ ಇಳಿಯುತ್ತಿವೆ. ಸೋನಿಯ 24-70 ಎಫ್/2.8 ಜಿಎಂ 2016ರಲ್ಲಿ 886 ಗ್ರಾಂ ಇತ್ತು, 2022ರ ಎರಡನೇ ಆವೃತ್ತಿ 695ಕ್ಕೆ ಬಂದಿದೆ. ಇನ್ನೊಂದೆರಡು ಆವೃತ್ತಿಯಲ್ಲಿ ಈ ಚರ್ಚೆ ಬೇರೆ ಆಗಬಹುದು. ನನ್ನ ಕೈಯಲ್ಲಿ ಇರುವುದು ಮಾತ್ರ 805.

ಸಂಜೆ ಗಾಡಿಗೆ ಬ್ಯಾಗು ಕಟ್ಟುವಾಗ ಜೂಮನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಬೆಂಗಳೂರಿನಲ್ಲಿ ನಾನು ನಡೆಯುವ ರಸ್ತೆಗಳಿಗೆ ಅದು ಎಂಟು ತಿಂಗಳಲ್ಲಿ ಎರಡು ಸಲ ಬಂದಿತ್ತು.

"ಇದನ್ನ ಇಲ್ಲೇ ಬಿಟ್ಟ ಹೋಗ್ಲಿ ಕಾಕಾ? ಗುಡಿ ಎಲ್ಲಾ ಇಲ್ಲೇ ಅದಾವಲ್ಲ."

ಕಾಕಾ ಏನೂ ಅನ್ನದೆ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದರು. ತಳಕ್ಕೆ ಸಿಲಿಕಾ ಜೆಲ್ ಪುಡಿಕೆ ಹಾಸಿ, ಮೇಲೆ ಮೆತ್ತನೆ ಧೋತರದ ತುಂಡು ಇಟ್ಟು, ಲೆನ್ಸನ್ನು ನಿಲ್ಲಿಸಿ ಮುಚ್ಚಿದರು. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯಬಾರದು ಅಂತ. ಯಾಷಿಕಾ ಇಟ್ಟಿದ್ದ ಕಪಾಟಿನಲ್ಲೇ, ಅದರ ಪಕ್ಕಕ್ಕೆ ಇಟ್ಟರು.

"ದೀಪಾವಳಿಗೆ ಬಾ," ಅಂದರು. "ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೋಗೋಣ. 24 ಮೂಲಿ ಅದಾವ ಅದಕ್ಕ. ಅಲ್ಲಿ ಬೇಕಾಗ್ತೈತಿ ಇದು."